ಅಯ್ಯಯ್ಯೋ ಮೇಸ್ತ್ರಿಯೂ ನಮ್ಮತ್ತೆಯ ಕಾರೂ

ನಮ್ಮತ್ತೆ ಟೈಲರ್. ಅಪ್ಪನಿಗೆ ಅಕ್ಕ, ನನಗೆ ಅತ್ತೆ, ಬೀದಿಯವರಿಗೆಲ್ಲ ಟೈಲರಮ್ಮ. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಲ್ಲಿ ಎರಡು ಹೊಲಿಗೆ ಮೆಷಿನ್ನು, ಒಂದು ಉದ್ದನೆಯ ಮೇಜು, ಆಳೆತ್ತರದ ಕನ್ನಡಿ, ಗೋಡೆಗೆ ಒರಗಿ ಕೂತ ಬಟ್ಟೆಯ ಗಂಟುಗಳು. ಶಾಲೆಗಳ ಯೂನಿಫಾರ್ಮ್ ಹೊಲಿಯುವುದು ಮುಖ್ಯ ಕಸುಬು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಅಳತೆಗೆ ಸರಿಯಾದವನು ಸಿಗಲಿಲ್ಲ" ಅನ್ನುತ್ತಾಳೆ. ಇನ್ನೂ ಕೆದಕಿದರೆ, "ಸಿಕ್ಕಿದವರನ್ನ ಆಲ್ಟರ್ ಮಾಡೋಕೆ ಪುರಸೊತ್ತಿರಲಿಲ್ಲ" ಅನ್ನುತ್ತಾಳೆ. ಆಮೇಲೆ ಯಾರೂ ಕೇಳುವುದಿಲ್ಲ.

ಅವಳ ಬಗ್ಗೆ ಮೊದಲೇ ಹೇಳಬೇಕಾದ ಮಾತು ಒಂದಿದೆ. ತಪ್ಪು ಒಪ್ಪಿಕೊಳ್ಳುವುದು ಅವಳ ಜಾಯಮಾನದಲ್ಲೇ ಇಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ನಮ್ಮತ್ತೆ ಜಾರಿ ಬಿದ್ದೇ ಇಲ್ಲ ಅನ್ನುವವಳು. ನೆಲವೇ ಮೇಲೆ ಬಂತು ಅನ್ನುವವಳು. ಕೋಟು ಬಿಗಿಯಾಯಿತು ಅಂತ ಯಾರಾದರೂ ವಾಪಸ್ಸು ತಂದರೆ, ಕನ್ನಡಿಯ ಮುಂದೆ ನಿಲ್ಲಿಸಿ, ಮೇಲಿಂದ ಕೆಳಗೆ ಒಮ್ಮೆ ನೋಡಿ, "ಕೋಟು ಸರಿಯಾಗಿದೆ. ನೀವು ಇತ್ತೀಚೆಗೆ ಎಲ್ಲೋ ನೆಂಟರ ಮನೆಗೆ ಹೋಗಿದ್ರಿ ಅನ್ಸುತ್ತೆ" ಅನ್ನುತ್ತಾಳೆ. ಬಂದವರು ನಾಚಿಕೊಂಡು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಅಪ್ಪ ಅವಳಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಹುಟ್ಟಿದಾಗಿನಿಂದ ಅವಳ ಜೊತೆ ವಾದ ಮಾಡುತ್ತಿದ್ದಾನೆ, ಒಂದರಲ್ಲೂ ಗೆದ್ದಿಲ್ಲ. ಗೆದ್ದಾಗಲೂ ಗೆದ್ದೆ ಅಂತ ಅವಳು ಹೇಳಲು ಬಿಟ್ಟಿಲ್ಲ.

ಇನ್ನು ಮಿಕ್ಕಿದ ಬಟ್ಟೆಯ ವಿಷಯ. ಟೈಲರ್ ಅಂಗಡಿಯಲ್ಲಿ ಮಿಕ್ಕಿದ ಬಟ್ಟೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಬಾರದು. ನಮ್ಮ ಮನೆಯ ದಿಂಬುಗಳೆಲ್ಲ ಒಂದು ಶಾಲೆಯ ನೀಲಿ, ಪರದೆಗಳೆಲ್ಲ ಇನ್ನೊಂದು ಶಾಲೆಯ ಚೌಕಳಿ. ನಾನು ಚಿಕ್ಕವಳಿದ್ದಾಗ ನನ್ನ ಕರವಸ್ತ್ರ ನೋಡಿ ಹೆಡ್ ಮೇಷ್ಟ್ರು ತಮ್ಮ ಪ್ಯಾಂಟು ನೋಡಿಕೊಂಡಿದ್ದರು. "ಇದು ಕಳ್ಳತನ ಅಲ್ಲ ಕಣೇ, ಉಳಿತಾಯ" ಅಂತ ಅತ್ತೆ ನನಗೆ ಹೇಳಿಕೊಟ್ಟಿದ್ದಾಳೆ. ಮುಂದೆ ಅವಳು ಗ್ಯಾರೇಜಿನವನನ್ನು ಹಿಡಿದಳಲ್ಲ, ಹೇಗೆ ಹಿಡಿದಳು ಅಂತ ಎಲ್ಲರೂ ಆಶ್ಚರ್ಯಪಟ್ಟರು. ನನಗೆ ಆಶ್ಚರ್ಯವಾಗಲಿಲ್ಲ. ಹಾವಿನ ಹೆಜ್ಜೆ ಹಾವೇ ಬಲ್ಲದು.

ಕಾರು ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಹೊಲಿದ ಬಟ್ಟೆಯನ್ನು ಶಾಲೆಗಳಿಗೆ ಮುಟ್ಟಿಸಬೇಕಾದರೆ ಅವಳು ಅಪ್ಪನ ಸ್ಕೂಟರಿನ ಹಿಂದೆ ಗಂಟು ತಬ್ಬಿಕೊಂಡು ಕೂರಬೇಕಾಗಿತ್ತು. ಅಪ್ಪ ನೀರು ಸರಬರಾಜಿನ ಆಫೀಸಿನಲ್ಲಿ ಗುಮಾಸ್ತ. ಆಫೀಸಿನಲ್ಲಿ ಅವನ ಮಾತಿಗೆ ಕಾಯುವವರು ಯಾರೂ ಇರಲಿಲ್ಲ, ಆದ್ದರಿಂದ ಮನೆಯಲ್ಲಿ ಕಾಯಿಸುತ್ತಿದ್ದ. ಅತ್ತೆ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತರೆ ಇವನಿಗೆ ಗಡ್ಡ ಹೆರೆಯುವುದು ನೆನಪಾಗುತ್ತಿತ್ತು, ಗಡ್ಡ ಆದ ಮೇಲೆ ಪೇಪರು, ಪೇಪರಾದ ಮೇಲೆ ಇನ್ನೊಂದು ಲೋಟ ಟೀ. "ಸ್ವಲ್ಪ ಬೇಗ ಹೊರಡೋಣ ಕಣೋ" ಅಂತ ಅವಳು, ಯಾರಿಗೂ ಬಗ್ಗದವಳು, ಬಗ್ಗಿದ ದನಿಯಲ್ಲಿ ಕೇಳುತ್ತಿದ್ದಳು. ಅದನ್ನು ಕೇಳಿ ನನಗೆ ಅಪ್ಪನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಒಬ್ಬರನ್ನು ಕೇಳಿಕೊಂಡು ಓಡಾಡುವುದು ಎಷ್ಟು ಕಷ್ಟ ಅಂತ ಓಡಾಡಿದವರಿಗೇ ಗೊತ್ತು.

ಹೀಗಿರುವಾಗ ಅತ್ತೆ ಒಂದು ದಿನ ಡ್ರೈವಿಂಗ್ ಕಲಿತು ಬಂದಳು. ದಾರ, ಗುಂಡಿ ತರಲು ಹೋಗುತ್ತೇನೆ ಅಂತ ಹೇಳಿ ಕಲಿತದ್ದು. ಆಮೇಲೆ ಬೇರೆಯವರು ಓಡಿಸಿ ಬಿಟ್ಟ ಒಂದು ಪುಟ್ಟ ಹಳೆಯ ಕಾರು ತಂದಳು. ಅರ್ಧ ದುಡ್ಡು ಅವಳದು, ಅರ್ಧ ಅಪ್ಪನದು. ಅಪ್ಪ ಕೊಟ್ಟದ್ದು ಪ್ರೀತಿಯಿಂದಲ್ಲ, ಕೊಡದಿದ್ದರೆ ಜನ ಏನಂದಾರು ಅಂತ. ಕಾರು ಬಂದ ಮೇಲೆ ಅತ್ತೆಯ ನಡಿಗೆಯೇ ಬದಲಾಯಿತು. ಬೆಳಿಗ್ಗೆ ಗಂಟನ್ನು ಹಿಂದಿನ ಸೀಟಿಗೆ ಎಸೆದು, ಯಾರಿಗೂ ಏನೂ ಹೇಳದೆ, ಹೊರಟೇಬಿಡುತ್ತಿದ್ದಳು. ಅಪ್ಪ ಕೆನ್ನೆಗೆ ಸೋಪು ಹಚ್ಚಿಕೊಂಡು ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ತನ್ನನ್ನು ಯಾರೂ ಕಾಯುತ್ತಿಲ್ಲ ಅನ್ನುವುದು ಅವನಿಗೆ ಅಷ್ಟು ಬೇಗ ಜೀರ್ಣವಾಗಲಿಲ್ಲ.

ಆದರೆ ಹಳೇ ಕಾರು ಅಂದಮೇಲೆ ಗ್ಯಾರೇಜು ಬೇಕಲ್ಲ. ನಮ್ಮ ಬೀದಿ ದಾಟಿ, ಶಾಲೆಗೆ ಹೋಗುವ ದೊಡ್ಡ ರಸ್ತೆಯ ತಿರುವಿನಲ್ಲಿ ಒಂದು ಗ್ಯಾರೇಜಿತ್ತು. ಅದರ ಮಾಲೀಕನಿಗೆ ಅವನ ಅಪ್ಪ ಅಮ್ಮ ಇಟ್ಟ ಹೆಸರು ಏನೋ ನಮಗೆ ಗೊತ್ತಿಲ್ಲ, ನಾವು ಕರೆಯುತ್ತಿದ್ದದ್ದು ಅಯ್ಯಯ್ಯೋ ಮೇಸ್ತ್ರಿ ಅಂತ. ಬಾನೆಟ್ಟಿನ ಹತ್ತಿರ ಬಂದ ಕೂಡಲೇ ಅವನು ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ತಲೆಯ ಮೇಲಿಟ್ಟು, "ಅಯ್ಯಯ್ಯೋ!" ಅನ್ನುತ್ತಿದ್ದ. ಅವನ ಬಿಲ್ಲು ಎಷ್ಟಾಗುತ್ತದೆ ಅಂತ ತಿಳಿಯಲು ಬಿಲ್ಲು ಬರುವ ತನಕ ಕಾಯಬೇಕಾಗಿರಲಿಲ್ಲ. ಅಯ್ಯಯ್ಯೋ ಗಿಡ್ಡವಾಗಿದ್ದರೆ ಹಾರ್ನೋ ಬಲ್ಬೋ. ಉದ್ದವಾದರೆ ಬ್ರೇಕು. ರಾಗವಾಗಿ ಎಳೆದು, ಕೊನೆಯಲ್ಲಿ ನಾಲಿಗೆ ಲೊಚಗುಟ್ಟಿದನೋ, ಇಂಜಿನ್ನು. ಗಿರಾಕಿಗಳು ಆಸ್ಪತ್ರೆಯ ವರಾಂಡದಲ್ಲಿ ನಿಂತವರ ಮುಖ ಮಾಡಿಕೊಂಡು, "ಉಳಿಯುತ್ತಾ ಮೇಸ್ತ್ರಿ?" ಅಂತ ಕೇಳುತ್ತಿದ್ದರು. "ಪುಣ್ಯಕ್ಕೆ ನನ್ ಹತ್ರ ತಂದ್ರಿ" ಅಂತ ಅವನು ಹೇಳುತ್ತಿದ್ದ. ಆ ಪುಣ್ಯಕ್ಕೂ ಬಿಲ್ಲಿನಲ್ಲಿ ಜಾಗವಿರುತ್ತಿತ್ತು.

ನಾನು ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವವಳು. ಅಲ್ಲಿಗೆ ಬರುವ ದೊಡ್ಡ ದೊಡ್ಡ ಮನುಷ್ಯರೆಲ್ಲ, "ನಮ್ ಮೆಕ್ಯಾನಿಕ್ ಮಾತ್ರ ಅಪ್ಪಟ ಚಿನ್ನ" ಅಂತ ಹೇಳುವುದನ್ನು ಕೇಳಿದ್ದೇನೆ. ಎಲ್ಲರ ಮೆಕ್ಯಾನಿಕ್ಕೂ ಚಿನ್ನವಾದರೆ ತಗಡು ಯಾರಪ್ಪಾ? ಕಣ್ಣಿದ್ದೂ ಕಾಣದವರಿಗೆ ನನ್ನ ಹತ್ತಿರ ಕನ್ನಡಕ ಇಲ್ಲ.

ಅತ್ತೆಗೆ ಅನುಮಾನ ಬಂದದ್ದು ಬಿಲ್ಲಿನಿಂದಲ್ಲ, ಮೇಸ್ತ್ರಿಯ ಕೈಯಿಂದ. "ಅವನು ಬಾನೆಟ್ ಎತ್ತೋ ಮೊದಲೇ ತಲೆ ಮೇಲೆ ಕೈ ಇಡ್ತಾನೆ ಕಣೇ. ನಾನೂ ಅಳತೆ ತಗೊಳೋ ಮೊದಲೇ ಬಟ್ಟೆ ಸಾಲಲ್ಲ ಅಂತೀನಿ. ಅದೇ ಇದು" ಅಂದಳು. ಅವಳ ಕಸುಬಿನಲ್ಲಿ ಒಂದು ಗುಟ್ಟಿನ ಪದ್ಧತಿಯಿದೆ. ತಾನು ಹೊಲಿದ ಪ್ರತಿ ಬಟ್ಟೆಯ ಒಳಮಡಿಕೆಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಹಸಿರು ದಾರದ ಒಂದೇ ಒಂದು ಹೊಲಿಗೆ ಹಾಕುತ್ತಾಳೆ. ಬೇರೆಯವರು ಕೆಡಿಸಿದ ಬಟ್ಟೆಯನ್ನು ತಂದು ನೀವೇ ಹೊಲಿದದ್ದು ಅಂತ ಜಗಳಕ್ಕೆ ನಿಂತರೆ, ಮಡಿಕೆ ಬಿಡಿಸಿ ಹಸಿರು ತೋರಿಸಿ ಅನ್ನುತ್ತಾಳೆ. ಆ ಸಲ ಕಾರನ್ನು ಸರ್ವಿಸ್ಸಿಗೆ ಬಿಡುವ ಮೊದಲು ನನ್ನ ಹಸಿರು ನೇಲ್ ಪಾಲಿಶ್ ಶೀಸೆ ಕಾಣೆಯಾಯಿತು. ಕೇಳಿದ್ದಕ್ಕೆ, "ಕಾರಿಗೂ ಸ್ವಲ್ಪ ಅಲಂಕಾರ ಬೇಡ್ವಾ?" ಅಂದಳು.

ಮೇಸ್ತ್ರಿ ರಾಗವಾಗಿ ಅಯ್ಯಯ್ಯೋ ಹಾಡಿ, ಏರ್ ಫಿಲ್ಟರು, ಸ್ಪಾರ್ಕ್ ಪ್ಲಗ್ಗು, ಫ್ಯಾನ್ ಬೆಲ್ಟು ಎಲ್ಲವನ್ನೂ ಹೊಸದು ಹಾಕಿದೆ ಅಂತ ಬಿಲ್ಲು ಕೊಟ್ಟ. ಅತ್ತೆ ದುಡ್ಡು ಎಣಿಸಿ ಕೊಟ್ಟಳು. ಮನೆಗೆ ಬಂದು ಬಾನೆಟ್ಟು ಎತ್ತಿದರೆ, ಹೊಸ ಫಿಲ್ಟರಿನ ಮೂಲೆಯಲ್ಲಿ ನನ್ನ ಹಸಿರು ಚುಕ್ಕೆ. ಹೊಸ ಪ್ಲಗ್ಗಿನ ಮೇಲೆ ಹಸಿರು ಚುಕ್ಕೆ. ಹೊಸ ಬೆಲ್ಟಿನ ಅಂಚಿನಲ್ಲೂ ಅದೇ, ಸ್ವಲ್ಪ ಧೂಳು ಹಿಡಿದಿತ್ತು ಅಷ್ಟೆ.

ನಾನಾಗಿದ್ದರೆ ಅಲ್ಲೇ ಹೋಗಿ ಕೂಗಾಡುತ್ತಿದ್ದೆ. ಅತ್ತೆ ಮಾರನೆಯ ದಿನ ನನ್ನನ್ನೂ ಕರೆದುಕೊಂಡು ನಗುನಗುತ್ತಾ ಗ್ಯಾರೇಜಿಗೆ ಹೋದಳು.

"ಕಾರು ಬೆಣ್ಣೆ ಹಾಗೆ ಓಡ್ತಿದೆ ಮೇಸ್ತ್ರಿ. ಒಂದೇ ಒಂದು ಉಪಕಾರ. ಬಿಚ್ಚಿದ ಹಳೇ ಸಾಮಾನು ಕೊಟ್ಟುಬಿಡಿ. ನನ್ ತಮ್ಮ ಒಬ್ಬ ಇದಾನೆ, ನೋಡದೆ ನಂಬಲ್ಲ."

ಮೇಸ್ತ್ರಿಯ ಮುಖ ಒಂದು ಗಳಿಗೆ ಹುಳ್ಳಗಾಯಿತು. "ಅದಕ್ಕೇನಂತೆ ಮೇಡಂ" ಅಂತ ಒಳಗೆ ಹೋದ. ಗುಜರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದ. ಅವನು ಕೊಟ್ಟ ಫಿಲ್ಟರು ಯಾವುದೋ ಲಾರಿಯದು. ನಮ್ಮ ಬಕೆಟ್ಟಿನಷ್ಟು ದೊಡ್ಡದಿತ್ತು.

ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಅಯ್ಯೋ ಪಾಪ, ಇಷ್ಟು ದಿನ ಇದನ್ನ ಹೊಟ್ಟೇಲಿಟ್ಕೊಂಡು ಓಡಾಡ್ತಿತ್ತಾ ನನ್ ಕಾರು?" ಅಂದಳು. ಅಲ್ಲಿ ಕೂತಿದ್ದ ಗಿರಾಕಿಗಳು ಫಿಲ್ಟರನ್ನೂ ಹೊರಗೆ ನಿಂತ ಕಾರನ್ನೂ ನೋಡಿದರು. ಒಬ್ಬರಂತೂ ತಾವು ಕೂತ ಜಾಗದಿಂದಲೇ ತಮ್ಮ ಕಾರಿನ ಕಡೆ ಕತ್ತು ಹೊರಳಿಸಿದರು. ಅತ್ತೆ ಆ ಫಿಲ್ಟರನ್ನು ತಂದು ಅಂಗಡಿಯ ಕನ್ನಡಿಯ ಪಕ್ಕದಲ್ಲೇ ನೇತು ಹಾಕಿದಳು. ಅಳತೆ ಕೊಡಲು ಬಂದವರೆಲ್ಲ ಇದೇನು ಅಂತ ಕೇಳುವವರೇ. ಅತ್ತೆ ಹೇಳುವವಳೇ. ವಾರದೊಳಗೆ ಬೀದಿಗೆಲ್ಲ ಗೊತ್ತಾಯಿತು.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಪ್ಪನಿಗೆ ಇದರಲ್ಲಿ ಕಂಡದ್ದೇ ಬೇರೆ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಗಂಟಲು ಸರಿ ಮಾಡಿಕೊಂಡ. "ನೋಡಕ್ಕಾ, ಮೂಗಿಗಿಂತ ಮೂಗುತಿ ಭಾರ ಆಯ್ತು. ಕಾರಿಗಿಂತ ರಿಪೇರಿಗೇ ಜಾಸ್ತಿ ಹೋಗ್ತಿದೆ. ಅರ್ಧ ನನ್ನದೂ ಇದೆಯಲ್ಲ, ಅದಕ್ಕೆ ಹೇಳ್ತಿದೀನಿ. ಮಾರಿಬಿಡೋಣ. ನಾನಿಲ್ವಾ, ಸ್ಕೂಟರ್ ಇಲ್ವಾ?"

ಸ್ಕೂಟರ್ ಅಂದ ಕೂಡಲೇ ಅತ್ತೆಯ ತುತ್ತು ಕೈಯಲ್ಲೇ ನಿಂತಿತು. ನನಗೆ ಈಗಲೂ ಆ ಮುಖ ನೆನಪಿದೆ. ನಗು ಇರಲಿಲ್ಲ.

"ಇನ್ಮೇಲೆ ಈ ಕಾರು ಯಾವ ಮೆಕ್ಯಾನಿಕ್ ಕೈಗೂ ಹೋಗಲ್ಲ. ಎಲ್ಲಾ ನಾನೇ ಮಾಡ್ಕೋತೀನಿ" ಅಂದಳು.

"ಹೋದರೆ?"

"ಹೋದರೆ ಮಾರು. ನಾನೇ ಕೀ ತಂದು ನಿನ್ ಕೈಗೆ ಕೊಡ್ತೀನಿ."

ಅಮ್ಮ, "ಏನ್ ಮಾತು ಅತ್ತಿಗೆ ಇದು, ಊಟ ಮಾಡಿ" ಅಂದಳು. ಆದರೆ ಮಾತು ಆಡಿ ಆಗಿತ್ತು. ಅತ್ತೆ ಸುಳ್ಳು ಹೇಳಬಲ್ಲಳು, ಬಟ್ಟೆ ಉಳಿಸಬಲ್ಲಳು, ಕೊಟ್ಟ ಮಾತಿಗೆ ಮಾತ್ರ ತಪ್ಪುವವಳಲ್ಲ. ಅಪ್ಪನಿಗೂ ಅದು ಚೆನ್ನಾಗಿ ಗೊತ್ತಿತ್ತು. ಅವತ್ತು ಅವನು ಎರಡು ಸಲ ಬಡಿಸಿಕೊಂಡು ಉಂಡ.

ಅತ್ತೆ ಕಾರಿನ ಜೊತೆ ಬಂದಿದ್ದ ಪುಸ್ತಕವನ್ನು ಮೊದಲ ಪುಟದಿಂದ ಓದಿದಳು. ಫೋನಿನಲ್ಲಿ ವಿಡಿಯೋ ನೋಡಿದಳು. ಸ್ಪ್ಯಾನರುಗಳನ್ನು ಕೊಂಡು ತಂದು, ದಪ್ಪ ಬಟ್ಟೆಯಲ್ಲಿ ಒಂದೊಂದಕ್ಕೂ ಒಂದೊಂದು ಜೇಬು ಹೊಲಿದು, ಸುತ್ತಿ ಕಟ್ಟುವ ಚೀಲ ಮಾಡಿಕೊಂಡಳು. ಅವಳಿಗೆ ಕಾರು ಅಂದರೆ ಒಂದು ದೊಡ್ಡ ಕೋಟು. ಬಿಚ್ಚುವ ಮೊದಲು ನೆಲದ ಮೇಲೆ ಹಳೆಯ ಹಾಸಿಗೆಯ ಬಟ್ಟೆ ಹಾಸುತ್ತಿದ್ದಳು. ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಸಾಲಾಗಿ ಇಟ್ಟು ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. "ಹೊಲಿಗೆ ಬಿಚ್ಚಿದ ದಾರಿಯಲ್ಲೇ ವಾಪಸ್ ಹೊಲಿಯಬೇಕು, ಅಷ್ಟೇ ವಿದ್ಯೆ" ಅನ್ನುತ್ತಿದ್ದಳು. ಹಾಗೇ ಪ್ಲಗ್ಗು ಹಾಕಿದಳು, ಫಿಲ್ಟರು ಹಾಕಿದಳು, ವೈಪರು ಬದಲಿಸಿದಳು. ಮೊದಲ ಸಲ ಒಂದು ನಟ್ಟು ಮಿಕ್ಕಿತು. ನಾನು ನಗಲು ಬಾಯಿ ತೆರೆಯುವಷ್ಟರಲ್ಲಿ, "ಉಳಿತಾಯ" ಅಂದಳು. ಆಮೇಲೆ ಗುಟ್ಟಾಗಿ ಎಲ್ಲ ಬಿಚ್ಚಿ ಅದರ ಜಾಗ ಹುಡುಕಿ ಕೂರಿಸಿದಳು.

ಕಾರು ಓಡಿತು. ಓಡಿದ್ದಷ್ಟೇ ಅಲ್ಲ, ಮೊದಲಿಗಿಂತ ಚೆನ್ನಾಗಿ ಓಡಿತು. ಅತ್ತೆಗೆ ಕೋಡು ಮೂಡಿದವು. ಗ್ಯಾರೇಜಿನ ಮುಂದೆ ಹೋಗುವಾಗ ಬೇಕಂತಲೇ ನಿಧಾನ ಮಾಡಿ, ಎರಡು ಸಲ ಹಾರ್ನು ಹೊಡೆದು, ಕಿಟಕಿಯಿಂದ ಕೈ ಬೀಸಿ ಹೋಗುತ್ತಿದ್ದಳು. ಅಯ್ಯಯ್ಯೋ ಮೇಸ್ತ್ರಿ ಬೇರೆ ಯಾರದೋ ಬಾನೆಟ್ಟಿನೊಳಗೆ ತಲೆ ತೂರಿಸಿಕೊಳ್ಳುತ್ತಿದ್ದ. "ಸಾಕು ಬಿಡತ್ತೆ, ಯಾಕೆ ಸುಮ್ನೆ ಕೆಣಕ್ತೀಯಾ?" ಅಂದರೆ, "ಕೆಣಕ್ತಿಲ್ಲ ಕಣೇ, ಹಾರ್ನ್ ಕೆಲಸ ಮಾಡುತ್ತಾ ಅಂತ ನೋಡ್ತಿದೀನಿ" ಅನ್ನುತ್ತಿದ್ದಳು.

ಇಷ್ಟಾದ ಮೇಲೆ ಆಯಿಲ್ ಬದಲಿಸುವ ದಿನ ಬಂತು. ಹಳೆಯ ಇಂಜಿನ್ ಆಯಿಲನ್ನು ಕೆಳಗಿನಿಂದ ಇಳಿಸಿ ಮೇಲಿನಿಂದ ಹೊಸದು ತುಂಬುವುದು. ಬಹಳ ಸುಲಭದ ಕೆಲಸ ಅಂತ ಪುಸ್ತಕದಲ್ಲೂ ಇತ್ತು, ವಿಡಿಯೋದವನೂ ಹೇಳಿದ. ಅತ್ತೆ ಹಳೆಯದನ್ನು ಚೊಕ್ಕವಾಗಿ ಇಳಿಸಿದಳು. ಹೊಸದನ್ನು ಪುಸ್ತಕ ಹೇಳಿದಷ್ಟು ಸುರಿದಳು. ಡಬ್ಬಿಯಲ್ಲಿ ಇನ್ನೂ ಉಳಿಯಿತು. ಡಬ್ಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು.

ಇಲ್ಲಿ ಟೈಲರುಗಳ ಇನ್ನೊಂದು ಅಭ್ಯಾಸ ಹೇಳಬೇಕು. ಮಕ್ಕಳ ಬಟ್ಟೆ ಹೊಲಿಯುವಾಗ ಅಳತೆಗೆ ಸರಿಯಾಗಿ ಕತ್ತರಿಸುವುದಿಲ್ಲ. ಒಳಗೆ ಒಂದಷ್ಟು ಬಟ್ಟೆ ಮಡಚಿ ಬಿಡುತ್ತಾರೆ. ಮಗು ಬೆಳೆದಾಗ ಬಿಚ್ಚಿಕೊಳ್ಳಲಿ ಅಂತ. ಜನ್ಮವಿಡೀ ಯೂನಿಫಾರ್ಮ್ ಹೊಲಿದ ಅತ್ತೆಗೆ 'ಸರಿಯಾಗಿ ಇಷ್ಟೇ' ಅನ್ನುವುದು ಜಿಪುಣರ ಮಾತು. ಒಳಗೆ ಸ್ವಲ್ಪ ಇದ್ದರೆ ಯಾರಿಗೇನು ನಷ್ಟ? "ಇರಲಿ, ಒಳಗಿರಲಿ. ಬೇಕಾದಾಗ ಬಳಸ್ಕೊಳ್ಳುತ್ತೆ" ಅಂತ ಡಬ್ಬಿಯನ್ನು ಪೂರ್ತಿ ಬಗ್ಗಿಸಿದಳು. ಕೊನೆಯ ಹನಿ ಬೀಳುವ ತನಕ ಡಬ್ಬಿಯ ತಳಕ್ಕೆ ತಟ್ಟಿದಳು. ನಾನೇ ಪಕ್ಕದಲ್ಲಿ ನಿಂತು, ಎಷ್ಟು ಅಚ್ಚುಕಟ್ಟು ಅಂದುಕೊಂಡೆ.

ಅತಿಯಾದರೆ ಅಮೃತವೂ ವಿಷ. ಆಯಿಲಿಗೂ ಇದು ಅನ್ವಯಿಸುತ್ತದೆ ಅಂತ ನಮಗೆ ಮಾರನೆಯ ಬೆಳಿಗ್ಗೆ ತಿಳಿಯಿತು.

ಅವತ್ತು ಶಾಲೆಗೆ ಬಟ್ಟೆ ಮುಟ್ಟಿಸುವ ದಿನ. ಗಂಟುಗಳು ಹೆಚ್ಚಿದ್ದವು, ಹೊರಲು ಅಪ್ಪನೂ ಬಂದಿದ್ದ. ಬಿಳಿ ಶರ್ಟು ಹಾಕಿಕೊಂಡು ಮುಂದಿನ ಸೀಟಿನಲ್ಲಿ, ಬಾಗಿಲ ಮೇಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದ. ಹಿಂದೆ ಗಂಟುಗಳ ನಡುವೆ ನಾನು, ಮಡಿಲಲ್ಲಿ ಗುಂಡಿ ತುಂಬಿದ ಅಗಲವಾದ ಪ್ಲಾಸ್ಟಿಕ್ ಡಬ್ಬ. ದೊಡ್ಡ ರಸ್ತೆಗೆ ಬರುತ್ತಿದ್ದ ಹಾಗೆ ನನಗೆ ಸುಟ್ಟ ವಾಸನೆ ಬಂತು. ಹಿಂದೆ ತಿರುಗಿ ನೋಡಿದರೆ ರಸ್ತೆ ಕಾಣಲಿಲ್ಲ. ನೀಲಿ ಬಿಳುಪಿನ ಹೊಗೆ, ಅದರೊಳಗೆ ಎಲ್ಲೋ ಒಂದು ಬಸ್ಸು ಹಾರ್ನು ಹೊಡೆಯುತ್ತಿತ್ತು.

"ಅಕ್ಕಾ, ನಿಲ್ಸು!" ಅಂದ ಅಪ್ಪ.

"ಇಲ್ಲಿ ಬೇಡ. ತಿರುವು ದಾಟಲಿ" ಅಂದಳು ಅತ್ತೆ. ತಿರುವಿನಲ್ಲಿ ಏನಿದೆ ಅಂತ ನಮ್ಮೆಲ್ಲರಿಗೂ ಗೊತ್ತಿತ್ತು. ಕಾರಿಗೂ ಗೊತ್ತಿತ್ತೋ ಏನೋ. ಎರಡು ಸಲ ಮುಕ್ಕರಿಸಿ, ಸರಿಯಾಗಿ ಗ್ಯಾರೇಜಿನ ಬಾಗಿಲಿಗೇ ಹೋಗಿ ನಿಂತುಬಿಟ್ಟಿತು.

ಹೊಗೆಯೊಳಗಿಂದ ಅಯ್ಯಯ್ಯೋ ಮೇಸ್ತ್ರಿ ಮೂಡಿ ಬಂದ. ಅವನ ಮುಖದಲ್ಲಿದ್ದ ಸಂತೋಷವನ್ನು ನಾನು ವರ್ಣಿಸಲಾರೆ. ಕೈ ಒರೆಸಿಕೊಳ್ಳುತ್ತಾ, "ಇವತ್ತು ಹಾರ್ನ್ ಕೇಳಲಿಲ್ಲವಲ್ಲ ಮೇಡಂ?" ಅಂದ. ಯಾರೂ ಕರೆಯದಿದ್ದರೂ ಬಾನೆಟ್ಟು ಎತ್ತಿದ. ಆಯಿಲಿನ ಮಟ್ಟ ನೋಡುವ ಉದ್ದನೆಯ ಕಡ್ಡಿಯನ್ನು ಎಳೆದ, ನೋಡಿದ, ಚಟ್ಟನೆ ಒರೆಸಿ ಮತ್ತೆ ತೂರಿಸಿದ. ಆಮೇಲೆ ತಲೆಯ ಮೇಲೆ ಕೈ ಹೊತ್ತು ಅಯ್ಯಯ್ಯೋ ಶುರು ಮಾಡಿದ. ಅಷ್ಟುದ್ದದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಆಚೆ ರಸ್ತೆಯ ಔಷಧಿ ಅಂಗಡಿಯವರು ಹೊರಗೆ ಬಂದರು.

"ರಿಂಗ್ ಹೋಗಿದೆ, ಬೋರ್ ಸವೆದಿದೆ. ಇಂಜಿನ್ ಪೂರ್ತಿ ಇಳಿಸ್ಬೇಕು ಸಾರ್" ಅಂದ. ಅತ್ತೆಗಲ್ಲ, ಅಪ್ಪನಿಗೆ. "ಇಳಿಸಿದ್ರೂ ಗ್ಯಾರಂಟಿ ಇಲ್ಲ. ಮನೇಲೇ ರಿಪೇರಿ ಮಾಡಿದ್ರೆ ಹೀಗೇ ಆಗೋದು. ನನ್ ಮಾತು ಕೇಳಿ, ಇಲ್ಲೇ ಬಿಟ್ಟು ಹೋಗಿ. ತೂಕದ ಲೆಕ್ಕದಲ್ಲಿ ನಾನೇ ತಗೋತೀನಿ."

ಅಪ್ಪ ಶರ್ಟಿನ ಕಾಲರ್ ಸರಿ ಮಾಡಿಕೊಂಡ. "ಆಯ್ತಲ್ಲ ಅಕ್ಕ. ಹೆಂಗೂ ಗ್ಯಾರೇಜ್ ಮುಂದೇನೇ ಬಂದು ನಿಂತಿದೆ. ಮಾತು ಕೊಟ್ಟಿದ್ದೆ ನೀನು. ಕೀ ಕೊಡು."

ಇಬ್ಬರೂ ಗಂಡಸರು ಕೈ ಚಾಚಿ ನಿಂತಿದ್ದರು, ಒಬ್ಬ ಕಾರಿಗೆ, ಒಬ್ಬ ಕೀಗೆ. ಅತ್ತೆ ಕೀಯನ್ನು ಮುಷ್ಟಿಯಲ್ಲಿ ಹಿಡಿದು ಮೇಸ್ತ್ರಿಯ ಮುಖವನ್ನೇ ನೋಡುತ್ತಿದ್ದಳು. ಅಳತೆ ತೆಗೆಯುವಾಗ ನೋಡುತ್ತಾಳಲ್ಲ, ಹಾಗೆ.

"ಮೇಸ್ತ್ರಿ, ನೀವು ಯಾವಾಗ್ಲೂ ಬಾನೆಟ್ ಎತ್ತೋ ಮೊದಲೇ ಅಯ್ಯಯ್ಯೋ ಅಂತೀರಿ. ಇವತ್ತು ಯಾಕೆ ಆ ಕಡ್ಡಿ ನೋಡಿ ಆದ್ಮೇಲೆ ಅಂದ್ರಿ?"

"ಅದು... ಹೊಗೆ ಮೇಡಂ, ಕಾಣಿಸ್ಲಿಲ್ಲ."

ಅತ್ತೆ ಮುಂದೆ ಹೋಗಿ ಕಡ್ಡಿಯನ್ನು ಎಳೆದಳು. ಎರಡು ಗೆರೆಗಳ ನಡುವೆ ನಿಲ್ಲಬೇಕಾದ ಆಯಿಲು ಮೇಲಿನ ಗೆರೆಯನ್ನೂ ದಾಟಿ ಗೇಣುದ್ದ ಹತ್ತಿತ್ತು, ಮೇಲೆಲ್ಲ ನೊರೆ. ಅವಳು ಅದನ್ನು ನೋಡುತ್ತಲೇ ನಿಂತಳು. ಅವಳ ಕಿವಿ ಕೆಂಪಗಾಗುವುದನ್ನು ನಾನು ಕಂಡೆ. ಏನಾಗಿದೆ ಅಂತ ಅವಳಿಗೆ ಅರ್ಥವಾಗಿತ್ತು, ಮೇಸ್ತ್ರಿಗೆ ಮೊದಲೇ ಆಗಿತ್ತು.

"ಇಂಜಿನ್‌ಗೆ ಏನೂ ಆಗಿಲ್ಲ" ಅಂದಳು.

"ಹಾಗಾದ್ರೆ ಹೊಗೆ ಯಾಕೆ?" ಅಂದ ಅಪ್ಪ.

ಆ ಹೊತ್ತಿಗೆ ಅಲ್ಲಿ ಗ್ಯಾರೇಜಿನ ಗಿರಾಕಿಗಳು, ಔಷಧಿ ಅಂಗಡಿಯವರು, ಇಳಿದು ಬಂದ ಬಸ್ಸಿನ ಡ್ರೈವರ್ ಎಲ್ಲ ಸೇರಿದ್ದರು. ಅತ್ತೆಯ ಬಾಯಿ ಒಮ್ಮೆ ತೆರೆದು ಮುಚ್ಚಿತು. ಡಬ್ಬಿಯವರ ತಪ್ಪು, ಪುಸ್ತಕದವರ ತಪ್ಪು, ಪೆಟ್ರೋಲ್ ಬಂಕಿನವರ ತಪ್ಪು. ಅವಳು ಮನಸ್ಸಿನಲ್ಲಿ ಒಂದೊಂದನ್ನೇ ಎತ್ತಿ ನೋಡಿ ಕೆಳಗಿಡುತ್ತಿದ್ದಾಳೆ ಅಂತ ನನಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಯಾವುದನ್ನು ಹೇಳಿದರೂ, ಕಾರಿನೊಳಗೆ ನಿಜವಾಗಿ ಏನೋ ಕೆಟ್ಟಿದೆ ಅಂತಲೇ ಅಪ್ಪ ತಿಳಿಯುತ್ತಿದ್ದ. ಕೆಟ್ಟದ್ದಾದರೆ ಮೆಕ್ಯಾನಿಕ್ ಬೇಕು. ಮೆಕ್ಯಾನಿಕ್ ಬೇಕಾದರೆ ಕೀ ಕೊಡಬೇಕು.

"ನಾನು ಆಯಿಲ್ ಜಾಸ್ತಿ ಹಾಕಿದ್ದೀನಿ" ಅಂದಳು ಅತ್ತೆ. ದನಿ ಸಣ್ಣದಾಗಿತ್ತು. "ಪುಸ್ತಕದಲ್ಲಿ ಇಷ್ಟೇ ಅಂತಿತ್ತು. ನಾನೇ ಉಳಿದದ್ದನ್ನೂ ಸುರಿದೆ. ಕಾರಿನ ತಪ್ಪಲ್ಲ ಇದು. ತಪ್ಪು ನನ್ನದು."

ಅಪ್ಪನ ಚಾಚಿದ ಕೈ ಚಾಚಿದಂತೆಯೇ ಇತ್ತು. "ಏನಂದೆ?"

"ಕೇಳಿಸ್ತಲ್ಲ."

ಮೇಸ್ತ್ರಿ ಜೋರಾಗಿ ನಕ್ಕ. "ನೋಡಿ ಸಾರ್, ಅವ್ರೇ ಒಪ್ಕೊಂಡ್ರು!" ಅಂದ. ಗುಂಪಿನಲ್ಲಿದ್ದ ಒಬ್ಬ ಗಿರಾಕಿ, "ಅಲ್ರೀ, ಆಯಿಲ್ ಜಾಸ್ತಿಯಾಗಿದ್ರೆ ನೀವು ಬೋರ್ ಸವೆದಿದೆ ಅಂತ ಯಾಕಂದ್ರಿ?" ಅಂತ ಕೇಳಿದ. ಮೇಸ್ತ್ರಿಯ ನಗು ಅರ್ಧಕ್ಕೇ ನಿಂತಿತು. ಅವನಿಗೆ ಗ್ಯಾರೇಜಿನ ಒಳಗೆ ಏನೋ ತುರ್ತು ಕೆಲಸ ನೆನಪಾಯಿತು.

ಇಂಜಿನ್ನು ತಣ್ಣಗಾಗಲು ಬಿಟ್ಟು ನಾವೆಲ್ಲ ರಸ್ತೆಯ ಅಂಚಿನಲ್ಲಿ ಕೂತೆವು. ಆಮೇಲೆ ಬಸ್ಸಿನ ಡ್ರೈವರ್ ಒಂದು ಕೈ, ನಾನೊಂದು ಕೈ ಹಾಕಿ ಕಾರಿನ ಮುಂದಿನ ಚಕ್ರಗಳನ್ನು ಫುಟ್‌ಪಾತಿನ ಮೇಲಕ್ಕೆ ತಳ್ಳಿದೆವು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. ಅತ್ತೆ ಗಂಟಿನ ಬಟ್ಟೆಯನ್ನು ನೆಲಕ್ಕೆ ಹಾಸಿ, ಡಿಕ್ಕಿಯಲ್ಲಿದ್ದ ಸ್ಪ್ಯಾನರ್ ಚೀಲ ಹಿಡಿದು, ಅಂಗಾತ ಮಲಗಿ ಕಾರಿನ ಕೆಳಗೆ ಜಾರಿದಳು. ಆಯಿಲ್ ಹಿಡಿಯಲು ಪಾತ್ರೆ ಇಲ್ಲ. ನನ್ನ ಮಡಿಲಿನಲ್ಲಿದ್ದ ಪ್ಲಾಸ್ಟಿಕ್ ಡಬ್ಬ ಒಂದೇ ಇದ್ದದ್ದು. ಅದರೊಳಗಿನ ಗುಂಡಿಗಳನ್ನು ನಾನು ಅಪ್ಪನ ಪ್ಯಾಂಟಿನ ಎರಡೂ ಜೇಬಿಗೆ ಸುರಿದೆ. ಅವನು ಬೇಡ ಅನ್ನಲಿಲ್ಲ. ಅವನಿನ್ನೂ ಯಾವುದೋ ಲೋಕದಲ್ಲಿದ್ದ.

"ಯಾರಾದ್ರೂ ಡಬ್ಬ ಹಿಡೀರೋ" ಅಂತ ಕೆಳಗಿನಿಂದ ದನಿ ಬಂತು.

ನಾನು ಬಗ್ಗುವಷ್ಟರಲ್ಲಿ ಅಪ್ಪ ಬಗ್ಗಿದ. ಬಿಳಿ ಶರ್ಟಿನಲ್ಲೇ, ಜೇಬಿನ ಗುಂಡಿಗಳು ಗಲಗಲ ಅನ್ನುತ್ತಿರಲು, ಅಕ್ಕನ ಪಕ್ಕದಲ್ಲಿ ಮಲಗಿ ಡಬ್ಬ ಒಡ್ಡಿದ. ಅತ್ತೆ ಕೆಳಗಿನ ಬೋಲ್ಟನ್ನು ಕೊಂಚವೇ ಸಡಿಲಿಸಿ, ಆಯಿಲು ದಾರದಷ್ಟು ಸಣ್ಣಗೆ ಇಳಿಯುವ ಹಾಗೆ ಬಿಟ್ಟಳು. ನಾನು ಮೇಲೆ ಕಡ್ಡಿ ಎಳೆದೆಳೆದು, "ಇನ್ನೂ ಇದೆ, ಇನ್ನೂ ಇದೆ, ಸಾಕು!" ಅಂತ ಕೂಗಿದೆ. ಕಾರಿನ ಕೆಳಗಿಂದ ಎರಡು ಜೊತೆ ಕಾಲುಗಳು ಮಾತ್ರ ಕಾಣುತ್ತಿದ್ದವು. ಒಂದು ಜೊತೆ ಸಂತೋಷಕ್ಕೆ ಅಲ್ಲಾಡುತ್ತಿತ್ತು. ಅದು ಅಪ್ಪನದು.

ಕಾರು ಶುರುವಾಯಿತು. ಮೊದಲು ಒಂದಷ್ಟು ಹೊಗೆ ಉಗುಳಿತು, ಕೆಮ್ಮಿತು, ಆಮೇಲೆ ಸರಿಹೋಯಿತು. ಅಪ್ಪನ ಶರ್ಟಿನ ಬೆನ್ನೆಲ್ಲ ಕಪ್ಪಾಗಿತ್ತು, ಮುಖ ಮಾತ್ರ ಬಹುಮಾನ ಬಂದ ಮಗುವಿನ ಹಾಗಿತ್ತು. ಶಾಲೆಯ ಗೇಟು ಕಾಣಿಸಿದಾಗ ಅವನಿಗೆ ತಡೆಯಲಾಗಲಿಲ್ಲ.

"ಅಕ್ಕಾ, ಇನ್ನೊಂದ್ಸಲ ಹೇಳು."

"ಏನು?"

"ಅದೇ. ಆಗ ಅಂದ್ಯಲ್ಲ, ಎಲ್ಲರ ಮುಂದೆ."

ಅತ್ತೆ ಗೇರು ಬದಲಿಸಿದಳು. "ತಪ್ಪು ನನ್ನದು" ಅಂದಳು.

ಅಪ್ಪ ಕಣ್ಣು ಮುಚ್ಚಿ ಸೀಟಿಗೆ ಒರಗಿದ. "ಕಾರು ಇರಲಿ ಬಿಡು" ಅಂದ. "ಯಾವನಿಗೆ ಬೇಕು ಅದರ ದುಡ್ಡು."

ಮನೆಗೆ ಬಂದು ಅಮ್ಮನಿಗೆ ಹೇಳಿದ. ಅಕ್ಕಪಕ್ಕದವರಿಗೆ ಹೇಳಿದ. ಫೋನಿನಲ್ಲಿ ಚಿಕ್ಕಪ್ಪನಿಗೆ, ದೂರದ ಸೋದರಮಾವನಿಗೆ, ಎಂದೋ ಮಾತು ಬಿಟ್ಟಿದ್ದ ಒಬ್ಬ ಷಡ್ಡಕನಿಗೂ ಹೇಳಿದ. ಗ್ಯಾರೇಜು, ಹೊಗೆ, ಮೇಸ್ತ್ರಿ, ಯಾವುದೂ ಅವನ ಕಥೆಯಲ್ಲಿರಲಿಲ್ಲ. ಅಕ್ಕ ತಪ್ಪು ಒಪ್ಪಿಕೊಂಡಳು ಅನ್ನುವುದೇ ಕಥೆ.

ನನಗೆ ಮಾತ್ರ ಒಂದು ಅನುಮಾನ ಉಳಿಯಿತು. ಸಂಜೆ ಅತ್ತೆ ಹಿತ್ತಿಲಿನ ನಲ್ಲಿಯ ಹತ್ತಿರ ಕೂತು ಸೋಪಿನಿಂದ ಕೈ ಉಜ್ಜಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ. "ನಿಜ ಹೇಳತ್ತೆ. ಅಪ್ಪ ಅಷ್ಟಕ್ಕೇ ಕರಗಿಹೋಗ್ತಾನೆ ಅಂತ ಗೊತ್ತಿದ್ದೇ ಹಾಗಂದೆ ತಾನೆ? ಕಾರಿಗೋಸ್ಕರ?"

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಬೆರಳ ಸಂದಿನ ಕಪ್ಪನ್ನು ಉಜ್ಜುತ್ತಲೇ ಇದ್ದಳು.

"ಕಾರಿಗೋಸ್ಕರ ನಾನು ಎಷ್ಟು ಸುಳ್ಳು ಬೇಕಾದ್ರೂ ಹೇಳ್ತಿದ್ದೆ ಕಣೇ" ಅಂದಳು. "ಅಲ್ಲಿ ನಿಂತ್ಕೊಂಡು ಎಲ್ಲಾ ಹುಡುಕಿದೆ. ಒಂದೂ ಕೆಲಸಕ್ಕೆ ಬರಲಿಲ್ಲ. ಅವನು ಕೀಗೆ ಕೈ ಚಾಚಿದಾಗ, ಮತ್ತೆ ಆ ಸ್ಕೂಟರ್ ಹಿಂದೆ ಕೂರಬೇಕಲ್ಲಾ ಅಂತ ನನಗೆ ಎಷ್ಟು ಭಯ ಆಯ್ತು ಗೊತ್ತಾ?"

ಕೈ ತೊಳೆದದ್ದು ಆಗಿತ್ತು. ಆದರೂ ಅವಳು ನಲ್ಲಿ ನಿಲ್ಲಿಸಲಿಲ್ಲ, ಮುಖಕ್ಕೂ ನೀರು ಹಾಕಿಕೊಂಡಳು.